ಗಣಿಯ ಮಣ್ಣಿಗೆ ಮೂರು ವರ್ಷ ಸಾಲದು

ಕರ್ನಾಟಕದ ವಿಶ್ವವಿದ್ಯಾಲಯಗಳ ಭೂವಿಜ್ಞಾನ, ಸಸ್ಯವಿಜ್ಞಾನ, ರಸಾಯನವಿಜ್ಞಾನ, ಪರಿಸರ ವಿಜ್ಞಾನ ಹಾಗೂ ಗಣಿ ಎಂಜಿನಿಯರಿಂಗ್ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳಿಗೆ,



ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ, ಕೋರ್ಸ್‌ವರ್ಕ್ ಮುಗಿಸಿ, ವಿಷಯ ಯಾವುದಿರಲಿ ಎಂಬ ಚಿಂತೆಯಲ್ಲಿ ಮಾರ್ಗದರ್ಶಕರ ಕೋಣೆಯ ಮುಂದೆ ಕಾಯುತ್ತಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಒಳಗೆ ಹೋಗುವ ಮುನ್ನ ಈ ಪತ್ರವನ್ನೊಮ್ಮೆ ಓದಿ ಎಂಬುದು ನನ್ನ ಕೋರಿಕೆ. ನಾನು ವಿಜ್ಞಾನಿಯಲ್ಲ, ಗಣಿ ಮಾಲೀಕನಂತೂ ಅಲ್ಲ. ಗಣಿ ಸೀಮೆಯ ಬಗ್ಗೆ ಬಂದ ವರದಿ, ಪ್ರಬಂಧ, ತೀರ್ಪುಗಳನ್ನು ಓದುತ್ತ ಬಂದ ಒಬ್ಬ ಬರಹಗಾರ. ಆ ಓದಿನಿಂದ ನನಗೆ ಗಟ್ಟಿಯಾದ ಮಾತು ಒಂದೇ. ಗಣಿಯಿಂದ ಕೆಟ್ಟ ನೆಲ, ನೀರು ಸುಧಾರಿಸಲು ದಶಕಗಳು ಬೇಕು. ನಮ್ಮ ಸಂಶೋಧನೆಯ ಆಯಸ್ಸು ಹೆಚ್ಚೆಂದರೆ ಐದಾರು ವರ್ಷ, ಅದರಲ್ಲಿ ನೆಲದ ಮೇಲೆ ನಿಂತು ಅಳೆಯುವುದು ಎರಡು ಮಳೆಗಾಲವಾದರೆ ಹೆಚ್ಚು. ಈ ಅಂತರವನ್ನು ತುಂಬದೆ ಹೋದರೆ ಎಷ್ಟು ಪದವಿ ಪಡೆದರೂ ಗುಡ್ಡ ಗುಡ್ಡವಾಗುವುದಿಲ್ಲ, ಹಳ್ಳ ಹಳ್ಳವಾಗುವುದಿಲ್ಲ.

ಇದನ್ನು ಈಗಲೇ ಬರೆಯಲು ಕಾರಣವಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಸರದಿ ಬಂತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅಕ್ರಮ ಅತಿಯಾಗಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಲಾಯಿತು. ಉಳಿದವರು ಮತ್ತೆ ಅಗೆಯಬೇಕಾದರೆ ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಮೊದಲು ಜಾರಿಯಾಗಬೇಕು ಎಂಬ ಷರತ್ತು ಬಂತು. ಆ ಯೋಜನೆಗಳ ಹೊಣೆ ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯ ಹೆಗಲಿಗೆ ಬಿತ್ತು. ಜಪ್ತಿ ಮಾಡಿದ ಅದಿರಿನ ಹರಾಜು, ಗುತ್ತಿಗೆದಾರರಿಂದ ವಸೂಲಾದ ಪರಿಹಾರ, ಮಾರಾಟದ ಮೇಲಿನ ಪಾಲು ಎಲ್ಲ ಸೇರಿ ಬೆಳೆದ ನಿಧಿಯನ್ನು ಖರ್ಚು ಮಾಡಲೆಂದೇ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಅದರ ಮುಂದಿರುವ ಯೋಜನೆಯ ಗಾತ್ರ 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಮೇಲುಸ್ತುವಾರಿಗೆ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಸುಪ್ರೀಂ ಕೋರ್ಟೇ ನೇಮಿಸಿತು.

ಗಣಿಯಿಂದ ನೊಂದ ಸೀಮೆಗೆ ಇಷ್ಟು ದೊಡ್ಡ ಗಂಟು ಮೀಸಲಾದ ಉದಾಹರಣೆ ದೇಶದಲ್ಲಿ ಅಪರೂಪ. ಅದರಲ್ಲಿ ರಸ್ತೆ, ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲಕ್ಕೂ ಪಾಲಿದೆ, ಇರಲೂ ಬೇಕು. ರಸ್ತೆ ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಿ ಹೇಳಬಹುದು. ಗುಡ್ಡ ಚೇತರಿಸಿತೋ ಇಲ್ಲವೋ ಎಂದು ಹೇಳಲು ಅಳತೆ ಬೇಕು, ಅಳೆಯುವವರು ಬೇಕು, ಹತ್ತು ವರ್ಷದ ನಂತರವೂ ಅದೇ ಜಾಗದಲ್ಲಿ ಅದೇ ರೀತಿ ಅಳೆಯುವವರು ಬೇಕು. ಗುತ್ತಿಗೆದಾರ ಬಿಲ್ ಪಡೆದು ಹೋಗುತ್ತಾನೆ, ಅಧಿಕಾರಿ ವರ್ಗವಾಗಿ ಹೋಗುತ್ತಾರೆ. ಅಲ್ಲೇ ಉಳಿಯುವ ಸಂಸ್ಥೆ ವಿಶ್ವವಿದ್ಯಾಲಯ ಒಂದೇ.

ನಮ್ಮ ರಾಜ್ಯದ ಗಣಿ ಗಾಯಗಳು ಒಂದೇ ಬಗೆಯವಲ್ಲ. ವಿಷಯ ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ.

ಸಂಡೂರಿನ ಅದಿರು ಬಹುಪಾಲು ಹೆಮಟೈಟ್, ಅಂದರೆ ಆಗಲೇ ಆಮ್ಲಜನಕದೊಂದಿಗೆ ಕೂಡಿಕೊಂಡ ಕಬ್ಬಿಣ. ಗಂಧಕದ ಅಂಶ ಕಡಿಮೆ ಇರುವುದರಿಂದ ಅಲ್ಲಿ ನೀರು ಆಮ್ಲವಾಗುವ ಭಯ ದೊಡ್ಡದಲ್ಲ. ಕಾಟವೆಲ್ಲ ಹೂಳಿನದು, ಧೂಳಿನದು. ಅದಿರಿಗಾಗಿ ತೆಗೆದುಹಾಕಿದ ಮಣ್ಣು, ಕಲ್ಲುಗಳ ಡಂಪುಗಳು ಮಳೆಗೆ ಕೊರಕಲು ಬಿದ್ದು, ಕೆಂಪು ನೀರು ಹಳ್ಳ ತುಂಬಿ, ಹೊಲಕ್ಕೆ ನುಗ್ಗಿ, ನಾರಿಹಳ್ಳದಂಥ ಜಲಾಶಯಗಳ ತಳ ಸೇರುತ್ತದೆ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಸರಳ: ಕಟ್ಟಿದ ಚೆಕ್ ಡ್ಯಾಂ ಎಷ್ಟು ಮಳೆಗಾಲಕ್ಕೆ ತುಂಬುತ್ತದೆ? ತುಂಬಿದ ಮೇಲೆ ಹೂಳೆತ್ತುವವರು ಯಾರು? ಇಳಿಜಾರಿಗೆ ಹಾಸಿದ ತೆಂಗಿನ ನಾರಿನ ಚಾಪೆ ಕರಗುವಷ್ಟರಲ್ಲಿ ಹುಲ್ಲು ಬೇರು ಬಿಟ್ಟಿರುತ್ತದೆಯೇ? ಸಂಡೂರಿನ ಮಗ್ಗುಲಲ್ಲೇ ನಂದಿಹಳ್ಳಿಯಲ್ಲಿ ಖನಿಜ ಸಂಸ್ಕರಣೆ ಕಲಿಸುವ ಸ್ನಾತಕೋತ್ತರ ಕೇಂದ್ರವಿದೆ. ಅಲ್ಲಿ ಓದುವವರಿಗೆ ಪ್ರಯೋಗಶಾಲೆ ಕಿಟಕಿಯಿಂದಾಚೆಯೇ ಶುರುವಾಗುತ್ತದೆ.

ಕೆಜಿಎಫ್‌ನ ಕಥೆ ಬೇರೆ. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟು, ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಪಂಪುಗಳು ನಿಂತವು, ಸುರಂಗಗಳಿಗೆ ನೀರು ಏರಿತು. ಮೇಲೆ ಉಳಿದದ್ದು ಊರಿನ ಜನ ‘ಸೈನೈಡ್ ದಿಬ್ಬ’ ಎಂದು ಕರೆಯುವ ರಾಶಿಗಳು. ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಡ್ಡಿ ಅದು. ಸೈನೈಡ್ ಬಿಸಿಲು, ಗಾಳಿಗೆ ವರ್ಷಗಳಲ್ಲಿ ಒಡೆದುಹೋಗಬಲ್ಲದು. ಉಳಿಯುವುದು ನುಣುಪು ಸಿಲಿಕಾ ಧೂಳು, ಲವಣ, ಭಾರಲೋಹಗಳು. ಗಾಳಿಯ ತಿಂಗಳುಗಳಲ್ಲಿ ಅದು ಮನೆಯೊಳಗೂ ಬರುತ್ತದೆ. ಸಾವಿರ ಎಕರೆಗೂ ಹೆಚ್ಚು ಹರಡಿರುವ ಇಂಥ 13 ರಾಶಿಗಳಲ್ಲಿ ಸುಮಾರು 3.3 ಕೋಟಿ ಟನ್ ಮಡ್ಡಿಯಿದ್ದು, ಅದರಲ್ಲಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಸಿಗುವ ಚಿನ್ನಕ್ಕಾಗಿ ಇಡೀ ದಿಬ್ಬವನ್ನು ಕದಡಬೇಕು; ಕದಡಿದ ಮೇಲೆ ಅದೇ ಮಡ್ಡಿಯನ್ನು ಮತ್ತೆಲ್ಲೋ ಇಡಬೇಕು.

ಕುದುರೆಮುಖದಲ್ಲಿ ಗಾಯದ ರೂಪ ಮತ್ತೊಂದು. ವರ್ಷಕ್ಕೆ ಸುಮಾರು 6,000 ಮಿಲಿಮೀಟರ್ ಮಳೆ ಸುರಿಯುವ ಶೋಲಾ ಕಾಡು, ಹುಲ್ಲುಗಾವಲುಗಳ ನಡುವೆ ನಡೆದ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ನಿಂತಿತು. ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡವಾಗಿ ಕಟ್ಟಿದ ನೂರು ಮೀಟರ್ ಎತ್ತರದ ಅಣೆಕಟ್ಟೆಯ ಹಿಂದೆ ಕೋಟಿಗಟ್ಟಲೆ ಟನ್ ಮಡ್ಡಿ ಇಂದಿಗೂ ಕೂತಿದೆ. ಗಣಿ ಮುಚ್ಚಿದರೂ ಅಣೆಕಟ್ಟೆಗೆ ನಿವೃತ್ತಿಯಿಲ್ಲ. 2019ರ ಜನವರಿಯಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಇಂಥ ಮಡ್ಡಿ ಕಟ್ಟೆ ಒಡೆದು 270 ಮಂದಿ ಸತ್ತದ್ದನ್ನು ಜಗತ್ತು ನೋಡಿದೆ. ಅಲ್ಲಿನ ಕಟ್ಟೆಯ ವಿನ್ಯಾಸ ಬೇರೆ, ಲಕ್ಯಾದ್ದು ಬೇರೆ. ಆದರೆ ಕಟ್ಟೆಯೊಳಗಿನ ನೀರಿನ ಮಟ್ಟ, ಜಿನುಗು, ಕುಸಿತಗಳನ್ನು ತಲೆಮಾರುಗಟ್ಟಲೆ ಗಮನಿಸಬೇಕು ಎಂಬ ಪಾಠ ಎರಡಕ್ಕೂ ಒಂದೇ. ಕುದುರೆಮುಖದ ಹೊಳೆಯಲ್ಲಿ ಹೂಳನ್ನು ಅಳೆದು, ಕಣಿವೆಯ ಒಂದು ಸಣ್ಣ ತುಂಡಾದ ಗಣಿ ಪ್ರದೇಶ ಭದ್ರೆಯ ಹೂಳಿಗೆ ತನ್ನ ಗಾತ್ರ ಮೀರಿ ಸೇರಿಸುತ್ತಿತ್ತು ಎಂದು ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೀವು ಓದಲೇಬೇಕು. ಹೊಳೆ ಕೆಂಪಾಗಿದೆ ಎಂದು ಕಣ್ಣಿಗೆ ಕಂಡದ್ದನ್ನು ಪುರಾವೆಯಾಗಿ ಮಾರ್ಪಡಿಸುವುದು ಹೇಗೆ ಎಂಬುದಕ್ಕೆ ಅದು ಮಾದರಿ.

ನಾಲ್ಕನೆಯ ಹೆಸರು ಹಲವರಿಗೆ ಹೊಸದಿರಬಹುದು: ಸುರಪುರ ಸೀಮೆಯ ಕಿರದಳ್ಳಿ ತಾಂಡಾ. ಹತ್ತಿರದಲ್ಲೇ ಮುಚ್ಚಿಹೋದ ಮಂಗಳೂರು ಚಿನ್ನದ ಗಣಿ. ಇದು ಕಡಲ ತೀರದ ಮಂಗಳೂರಲ್ಲ, ಅಲ್ಲಿಯದೇ ಒಂದು ಊರು. ತಾಂಡಾದ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತವರ ತಂಡ ಅಲ್ಲಿಗೆ ಬಂದು ನೀರು, ಮಣ್ಣು, ಜನರ ಕೂದಲು, ಉಗುರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ತಪಾಸಣೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳಿದ್ದವು. ಚಿನ್ನವಿರುವ ಶಿಲೆಯಲ್ಲಿ ಅದರ ಜೊತೆಗೇ ಇರುವ ಆರ್ಸೆನೋಪೈರೈಟ್ ಎಂಬ ಖನಿಜ ಈ ವಿಷದ ತವರು. ಶಿಲೆಯಿಂದ ತಾನಾಗಿ ನೀರಿಗೆ ಇಳಿದದ್ದೆಷ್ಟು, ಅಗೆದು ಪುಡಿಮಾಡಿದ್ದರಿಂದ ಇಳಿದದ್ದೆಷ್ಟು ಎಂಬ ಪ್ರಶ್ನೆ ಅಲ್ಲಿ ಕೆಲಸ ಮಾಡುವ ಯಾವ ಸಂಶೋಧಕರಿಗೂ ಎದುರಾಗುತ್ತದೆ. ಹೊರರಾಜ್ಯದ ವಿಶ್ವವಿದ್ಯಾಲಯವೊಂದು ಅಷ್ಟು ದೂರದಿಂದ ಬಂದು ಮಾಡಿದ ಕೆಲಸವನ್ನು ಮುಂದುವರಿಸುವ ಜವಾಬ್ದಾರಿ ಕಲಬುರಗಿ, ರಾಯಚೂರುಗಳಲ್ಲಿ ಕೂತ ನಿಮ್ಮದಲ್ಲದೆ ಇನ್ನಾರದು?

ಇನ್ನು ನೀರಿನ ವಿಷಯ. ಗಣಿ ನೀರು ಎಂದೊಡನೆ ಪುಸ್ತಕಗಳಲ್ಲಿ ಮೊದಲು ಸಿಗುವುದು ಆಮ್ಲದ ನೀರು. ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಲಕ್ಷಾಂತರ ವರ್ಷ ನೆಲದೊಳಗೆ ತೆಪ್ಪಗಿರುತ್ತದೆ. ಅಗೆದು ಗಾಳಿ, ನೀರಿಗೆ ಒಡ್ಡಿದಾಗ ಅದು ಒಡೆದು ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಸುತ್ತಲ ಶಿಲೆಯಿಂದ ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಕರಗಿಸಿ ಹೊತ್ತು ತರುತ್ತದೆ. ಈ ಕೆಲಸವನ್ನು ಲಕ್ಷಪಟ್ಟು ವೇಗಗೊಳಿಸುವುದು ಒಂದು ಬ್ಯಾಕ್ಟೀರಿಯಾ. ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿ ನೀರಿನಲ್ಲಿ ಅದರ ಕೈವಾಡವನ್ನು ಕೋಲ್ಮರ್ ಮತ್ತು ಹಿಂಕಲ್ ಎಂಬಿಬ್ಬರು ತೋರಿಸಿದ್ದು 1947ರಲ್ಲಿ. ಒಮ್ಮೆ ಶುರುವಾದರೆ ಪೈರೈಟ್ ಮುಗಿಯುವವರೆಗೆ ಇದು ನಿಲ್ಲದು. ಮುಗಿಯಲು ಶತಮಾನಗಳೇ ಬೇಕಾಗಬಹುದು. ನಮ್ಮ ದೇಶದಲ್ಲೇ ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಇಲಿಬಿಲದಂಥ ಕಲ್ಲಿದ್ದಲು ಗಣಿಗಳ ನೀರು ಹೊಳೆಗಳನ್ನು ಕೊಂದಿದೆ. ಲೂಖಾ ನದಿ ಚಳಿಗಾಲದಲ್ಲಿ ಗಾಢ ನೀಲಿಗೆ ತಿರುಗುತ್ತದೆ. ಪ್ರವಾಸಿಗೆ ಅದು ಚೆಂದ, ಮೀನಿಗೆ ಸಾವು. ಅಲ್ಲಿನ ನೀರಿನ ಸ್ಥಿತಿಯನ್ನು ದಾಖಲಿಸುತ್ತ ಬಂದವರಲ್ಲಿ ಶಿಲ್ಲಾಂಗಿನ ಈಶಾನ್ಯ ಪರ್ವತ ವಿಶ್ವವಿದ್ಯಾಲಯದ ಅಧ್ಯಾಪಕರು ಮುಂದಿದ್ದಾರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಏಪ್ರಿಲ್‌ನಲ್ಲಿ ಆ ಗಣಿಗಳಿಗೆ ತಡೆ ಹಾಕಿತು.

ನಮ್ಮಲ್ಲಿ ಈ ಪ್ರಶ್ನೆ ಕೇಳಬೇಕಾದ ಜಾಗ ಸಲ್ಫೈಡ್ ಅದಿರು ಇರುವೆಡೆ: ಚಿತ್ರದುರ್ಗದ ಪಕ್ಕದ ಇಂಗಳದಾಳದ ಹಳೆಯ ತಾಮ್ರದ ಗಣಿ, ಹಟ್ಟಿ, ಕೆಜಿಎಫ್. ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡ್ ಚಿನ್ನದ ಗಣಿಗಳಲ್ಲಿ ಪಂಪು ನಿಂತ ಮೇಲೆ ಒಳಗೆ ತುಂಬುತ್ತ ಬಂದ ಆಮ್ಲದ ನೀರು 2002ರಲ್ಲಿ ಜೋಹಾನ್ಸ್‌ಬರ್ಗಿನ ಪಶ್ಚಿಮಕ್ಕೆ ನೆಲದ ಮೇಲೆ ಉಕ್ಕಿತು. ಕೆಜಿಎಫ್‌ನಲ್ಲೂ ಹಾಗೇ ಆಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಎರಡೂ ಕಡೆಯ ಶಿಲೆ ಬೇರೆ, ಮಳೆ ಬೇರೆ. ಅದಿರಿನಲ್ಲಿ ಆಮ್ಲ ಹುಟ್ಟಿಸುವ ಶಕ್ತಿ ಎಷ್ಟು, ಅದನ್ನು ನುಂಗುವ ಸುಣ್ಣದಂಶ ಎಷ್ಟು ಎಂಬ ಲೆಕ್ಕ ಹಾಕುವ ಪರೀಕ್ಷೆ ದುಬಾರಿಯೇನಲ್ಲ, ಎಂ.ಎಸ್‌ಸಿ. ಮಟ್ಟದಲ್ಲೇ ಮಾಡಬಹುದು. ಹೆದರಿಕೆಯೂ ಬೇಡ, ಭರವಸೆಯೂ ಬೇಡ; ಆ ಲೆಕ್ಕ ಬೇಕು.

ಹೊರದೇಶದ ವಿಶ್ವವಿದ್ಯಾಲಯಗಳು ಈ ಕ್ಷೇತ್ರದಲ್ಲಿ ಮಾಡಿದ್ದರಲ್ಲಿ ಎರಡು ಕೆಲಸಗಳು ನಿಮ್ಮ ಗಮನಕ್ಕೆ ಯೋಗ್ಯ.

ಮೊದಲನೆಯದು ಅಪಲೇಚಿಯನ್ ಬೆಟ್ಟಗಳ ಮರಗಳ ಕಥೆ. ಕಲ್ಲಿದ್ದಲಿಗಾಗಿ ಅಗೆದ ನೆಲವನ್ನು ಸರಿಪಡಿಸಲೇಬೇಕು ಎಂದು ಅಮೆರಿಕ 1977ರಲ್ಲಿ ಕಾನೂನು ಮಾಡಿತು. ಗುಡ್ಡ ಕುಸಿಯಬಾರದು, ಮಣ್ಣು ಕೊಚ್ಚಿಹೋಗಬಾರದು ಎಂಬುದೇ ಕಂಪನಿ, ಅಧಿಕಾರಿ ಇಬ್ಬರ ಚಿಂತೆಯಾಯಿತು. ಬುಲ್ಡೋಜರ್‌ಗಳು ಓಡಾಡಿ ಇಳಿಜಾರನ್ನು ಸಾರಿಸಿದ ಅಂಗಳದಂತೆ ನುಣುಪು ಮಾಡಿದವು, ಬೇಗ ಹಬ್ಬುವ ಹುಲ್ಲು ಬಿತ್ತಿದರು, ನೋಡುವವರಿಗೆ ಹಸಿರಾಯಿತು, ಕಂಪನಿಗೆ ಠೇವಣಿ ವಾಪಸಾಯಿತು. ಮರ ಮಾತ್ರ ಬರಲಿಲ್ಲ. ಗಟ್ಟಿಯಾಗಿ ಒತ್ತಿದ ಮಣ್ಣಿನಲ್ಲಿ ಬೇರು ಇಳಿಯಲಿಲ್ಲ, ನೀರು ಇಂಗಲಿಲ್ಲ, ಹುಲ್ಲು ಸಸಿಯನ್ನು ಏಳಗೊಡಲಿಲ್ಲ. ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 1980ರಲ್ಲಿ ಪೊವೆಲ್ ನದಿ ಯೋಜನೆ ಎಂಬ ದೀರ್ಘಕಾಲದ ಪ್ರಯೋಗ ಶುರುಮಾಡಿತು. ಕೆಂಟಕಿ ವಿಶ್ವವಿದ್ಯಾಲಯದವರೂ ತಮ್ಮ ತಾಕುಗಳಲ್ಲಿ ಇದೇ ಕೆಲಸ ಮಾಡಿದರು. ಜಿಮ್ ಬರ್ಗರ್, ಕಾರ್ಲ್ ಜಿಪ್ಪರ್ ಮುಂತಾದವರು ವರ್ಷಗಟ್ಟಲೆ ಅಳೆದು ಕಂಡುಕೊಂಡದ್ದು ಇಷ್ಟು: ಮೇಲಿನ ಕನಿಷ್ಠ 1.2 ಮೀಟರ್ ಆಳದ ಮಣ್ಣು, ಕಲ್ಲುಗಳನ್ನು ಒತ್ತದೆ ಸಡಿಲವಾಗಿ ಸುರಿಯಬೇಕು, ಮರದ ಜೊತೆ ಜಗಳವಾಡದ ಹುಲ್ಲನ್ನಷ್ಟೇ ಹಾಕಬೇಕು, ಬೇಗ ಬೆಳೆದು ನೆಲ ಹದಮಾಡುವ ಮರ ಮತ್ತು ನಿಧಾನವಾಗಿ ಬೆಳೆಯುವ ಕಾಡಿನ ಮರ ಎರಡನ್ನೂ ನೆಡಬೇಕು. ಕಣ್ಣಿಗೆ ಒರಟಾಗಿ, ಅಸ್ತವ್ಯಸ್ತವಾಗಿ ಕಾಣುವ ಇಳಿಜಾರಿನಲ್ಲೇ ಮರ ಚೆನ್ನಾಗಿ ಬಂತು. 2004ರ ಹೊತ್ತಿಗೆ ಇದು ಸರ್ಕಾರವೇ ಒಪ್ಪಿ ಪ್ರಚಾರ ಮಾಡುವ ಪದ್ಧತಿಯಾಯಿತು. ಶುರುವಾದ 1980ರಿಂದ ಲೆಕ್ಕ ಹಾಕಿದರೆ ಕಾಲು ಶತಮಾನ. ಒಬ್ಬರ ಪಿಎಚ್.ಡಿ.ಯಿಂದ ಆದದ್ದಲ್ಲ ಅದು. ಒಂದೇ ತಾಕನ್ನು ಹಲವರು ಕೈಯಿಂದ ಕೈಗೆ ದಾಟಿಸಿದ್ದರಿಂದ ಆದದ್ದು.

ಸಂಡೂರಿನ ಡಂಪುಗಳಿಗೆ ಈ ಸೂತ್ರ ಹಾಗೇ ಹೊಂದುತ್ತದೆಯೇ? ಹೇಳಲಾಗದು. ನಮ್ಮಲ್ಲಿ ಮಳೆ ಕಡಿಮೆ, ಬಂದಾಗ ಜೋರು. ಸಡಿಲ ಮಣ್ಣು ಒಂದೇ ರಾತ್ರಿಗೆ ಹಳ್ಳ ಸೇರಬಹುದು. ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು ಎಂದು ಇಲ್ಲಿಯ ಮಣ್ಣೇ ಹೇಳಬೇಕು. ಕಂಬ ನೆಟ್ಟು ತಾಕು ಮಾಡಿ ಅದನ್ನು ಕೇಳುವವರು ನೀವು.

ಎರಡನೆಯದು ಓಕ್ಲಹೋಮಾದ ಟಾರ್ ಕ್ರೀಕ್. ಸೀಸ, ಸತುವಿನ ಗಣಿಗಳು ಮುಚ್ಚಿ ಪಂಪು ನಿಂತ ಮೇಲೆ 1979ರಲ್ಲಿ ಲೋಹಭರಿತ ನೀರು ಉಕ್ಕಿ ಹಳ್ಳವೆಲ್ಲ ಕಿತ್ತಳೆ ಬಣ್ಣವಾಯಿತು. ಇದನ್ನು ಸರಿಮಾಡಲಾಗದು ಎಂದು ಕೈಚೆಲ್ಲಿದ್ದ ಜಾಗದಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದ ರಾಬರ್ಟ್ ನೈರ್ನ್ ಮತ್ತವರ ವಿದ್ಯಾರ್ಥಿಗಳು 2008ರಲ್ಲಿ ಸಾಲು ಕೊಳಗಳನ್ನು ಕಟ್ಟಿದರು. ಮೊದಲ ಕೊಳದಲ್ಲಿ ಗಾಳಿ ತಗಲಿ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತದೆ. ಮುಂದೆ ಜೌಗು ಗಿಡಗಳ ಕೊಳ. ಆಮೇಲೆ ಗೊಬ್ಬರದಂಥ ಸಾವಯವ ಪದಾರ್ಥ ತುಂಬಿದ ಕೊಳದಲ್ಲಿ ಬ್ಯಾಕ್ಟೀರಿಯಾಗಳು ಸೀಸ, ಸತುಗಳನ್ನು ಸಲ್ಫೈಡ್ ಆಗಿ ಕಟ್ಟಿಹಾಕುತ್ತವೆ. ಕೊನೆಗೆ ಗಾಳಿ ಊದಿಸಿ, ಸುಣ್ಣಕಲ್ಲಿನ ಮೇಲೆ ಹಾಯಿಸಿ ಹಳ್ಳಕ್ಕೆ ಬಿಡುತ್ತಾರೆ. ದಿನದಿನವೂ ರಾಸಾಯನಿಕ ಸುರಿಯುವ ಗೋಜಿಲ್ಲ. ಇಳಿಜಾರು, ಗಾಳಿ, ಬಿಸಿಲುಗಳೇ ಕೆಲಸಗಾರರು. ಆ ನೀರು ಸೇರುವ ತೋಡಿಗೆ ಮೀನುಗಳು ಮರಳಿದವು. ಆದರೆ ತಳದ ತುಕ್ಕು ತುಂಬುತ್ತದೆ, ಸಾವಯವ ಪದಾರ್ಥ ಸವೆಯುತ್ತದೆ. ವಿಶ್ವವಿದ್ಯಾಲಯದವರು ಹೋಗಿ ಅಳೆಯುವುದನ್ನು ಬಿಟ್ಟಿಲ್ಲವಾದ್ದರಿಂದಲೇ ಅದು ಎಷ್ಟು ವರ್ಷ ಬಾಳುತ್ತದೆ ಎಂಬುದು ಜಗತ್ತಿಗೆ ತಿಳಿಯುತ್ತಿದೆ. ಓಹಾಯೊ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರ್ ಗೈ ರೀಫ್ಲರ್ ಮತ್ತು ಚಿತ್ರಕಲಾವಿದ ಜಾನ್ ಸಬ್ರಾ ಇನ್ನೊಂದು ಹೆಜ್ಜೆ ಹಾಕಿದರು: ಗಣಿ ನೀರಿನಿಂದ ಇಳಿಸಿದ ಕಬ್ಬಿಣದ ತುಕ್ಕನ್ನು ತೊಳೆದು, ಸುಟ್ಟು, ಕಲಾವಿದರು ಬಳಸುವ ಕಾವಿ, ಹಳದಿ ಬಣ್ಣಗಳನ್ನು ಮಾಡಿದರು. ಮಾರಾಟದ ಹಣದಿಂದಲೇ ಹೊಳೆ ಶುದ್ಧಿಯ ಖರ್ಚು ಸಾಗಲಿ ಎಂಬ ಆಲೋಚನೆ ಅದು. ಎಂಜಿನಿಯರಿಂಗ್ ವಿಭಾಗದವರು ಚಿತ್ರಕಲಾ ವಿಭಾಗದ ಬಾಗಿಲು ತಟ್ಟಿದ ಉದಾಹರಣೆ ನಮ್ಮಲ್ಲಿ ಎಷ್ಟಿವೆ?

ನಮ್ಮ ನೆಲದ ಕೆಲಸಗಳನ್ನೂ ಮರೆಯಬೇಡಿ. ನಾಗಪುರದ ನೀರಿ ಸಂಸ್ಥೆಯವರು ಹತ್ತಿರದ ಗುಮಗಾಂವ್ ಮ್ಯಾಂಗನೀಸ್ ಗಣಿಯ ಡಂಪುಗಳಲ್ಲಿ ಸಕ್ಕರೆ ಕಾರ್ಖಾನೆಯ ಮಡ್ಡಿಗೊಬ್ಬರ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರ ಮತ್ತು ಸಾರಜನಕ ಹಿಡಿದಿಡುವ ಬ್ಯಾಕ್ಟೀರಿಯಾ ಕೊಟ್ಟು ಬರಡು ರಾಶಿಯ ಮೇಲೆ ಮರ ಎಬ್ಬಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ಖನಿಜ ತಿನ್ನುವ ಬ್ಯಾಕ್ಟೀರಿಯಾಗಳ ಮೇಲೆ ದಶಕಗಳ ಕಾಲ ದುಡಿದರು. ಸೈನೈಡಿಗೆ ಬಗ್ಗದ ಸಲ್ಫೈಡ್ ಅದಿರಿನಿಂದ ಚಿನ್ನ ಬಿಡಿಸಲು ಹಟ್ಟಿ ಗಣಿಯೊಂದಿಗೆ ಸೇರಿ ಬಯೋರಿಯಾಕ್ಟರ್ ಪ್ರಯೋಗ ನಡೆಸಿದರು. ಹೊಳೆಯನ್ನು ಕೆಡಿಸುವ ಜೀವಿಯನ್ನೇ ಕೆಲಸಕ್ಕೆ ಹಚ್ಚುವ ವಿದ್ಯೆ ನಮ್ಮಲ್ಲಿ ಮೊದಲಿನಿಂದ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಕೋರಿಕೆಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಶುರುವಿನ ಲೆಕ್ಕ. ಕೆಜಿಎಫ್‌ನ ದಿಬ್ಬಗಳಿಗೆ ಯಂತ್ರ ಇಳಿಯುವ ಮುನ್ನ ಸುತ್ತಲಿನ ಬಾವಿ, ಬೋರ್‌ವೆಲ್, ಕೆರೆ, ಹೊಲದ ಮಣ್ಣು, ಗಾಳಿಯ ಧೂಳು ಇವೆಲ್ಲದರ ಸ್ಥಿತಿ ದಾಖಲಾಗಬೇಕು. ಶುರುವಿನ ಲೆಕ್ಕ ಇಲ್ಲದಿದ್ದರೆ ನಾಳೆ ಏನು ಕೆಟ್ಟರೂ ‘ಮೊದಲೇ ಹೀಗಿತ್ತು’ ಎಂಬ ಒಂದು ಮಾತಿನಲ್ಲಿ ಎಲ್ಲರೂ ಪಾರಾಗುತ್ತಾರೆ. ಊರಲ್ಲೇ ಗಣಿ ಎಂಜಿನಿಯರಿಂಗ್ ಕಲಿಸುವ ಕಾಲೇಜಿದೆ, ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಿದೆ. ಎರಡೂ ಕಡೆಯ ವಿದ್ಯಾರ್ಥಿಗಳು ಸೇರಿದರೆ ಒಂದೇ ವರ್ಷದಲ್ಲಿ ಆಗುವ ಕೆಲಸ ಇದು, ಮತ್ತು ಒಂದು ಸಲ ತಪ್ಪಿದರೆ ಎಂದಿಗೂ ಆಗದ ಕೆಲಸ.

ಎರಡನೆಯದು, ತಾಕು ನಿಮ್ಮ ಹೆಸರಿನಲ್ಲಿರದೆ ವಿಭಾಗದ ಹೆಸರಿನಲ್ಲಿರಲಿ. ನಾಲ್ಕು ಮೂಲೆಗೆ ಕಲ್ಲು ನೆಡಿ, ಅಕ್ಷಾಂಶ-ರೇಖಾಂಶ ಬರೆದಿಡಿ, ಅಳೆದ ವಿಧಾನವನ್ನು ಮುಂದಿನವರಿಗೆ ಅರ್ಥವಾಗುವಂತೆ ದಾಖಲೆ ಪುಸ್ತಕದಲ್ಲಿ ಬರೆಯಿರಿ. ನೀವು ಬಿಟ್ಟಲ್ಲಿಂದ ಹೊಸಬರು ಎತ್ತಿಕೊಳ್ಳಬೇಕು. ‘ಈ ವಿಷಯ ಆಗಲೇ ಆಗಿದೆ, ಹೊಸದು ತಾ’ ಎನ್ನುವ ಮಾರ್ಗದರ್ಶಕರಿಗೆ ಈ ಪತ್ರ ತೋರಿಸಿ. ಅದೇ ತಾಕನ್ನು ಏಳು ವರ್ಷದ ನಂತರ ಮತ್ತೆ ಅಳೆಯುವುದೇ ಈ ಕ್ಷೇತ್ರದಲ್ಲಿ ಹೊಸದು. ಒಂದು ತುಂಡನ್ನು ಏನೂ ಮಾಡದೆ ಹೋಲಿಕೆಗೆಂದು ಬಿಡಿ. ಹತ್ತಿರದಲ್ಲಿ ಉಳಿದಿರುವ ನೈಜ ಕಾಡಿನ ಒಂದು ತುಂಡನ್ನೂ ಜೊತೆಗೇ ಅಳೆಯಿರಿ.

ಮೂರನೆಯದು, ನೆಟ್ಟದ್ದನ್ನು ಬಿಟ್ಟು ಬದುಕಿದ್ದನ್ನು ಎಣಿಸಿ. ಇಷ್ಟು ಲಕ್ಷ ಸಸಿ ನೆಟ್ಟೆವು ಎಂಬ ಅಂಕಿ ಫಲಕದ ಮೇಲೆ ಇರುತ್ತದೆ. ಐದನೆಯ ಬೇಸಿಗೆಯಲ್ಲಿ ಎಷ್ಟು ಉಳಿದವು, ದಿಂಡಿಗ, ಕಕ್ಕೆ, ಹೊಂಗೆಗಳಲ್ಲಿ ಯಾವುದು ತಾಳಿತು, ಲಾವಂಚದ ಬೇರು ಇಳಿಜಾರನ್ನು ಹಿಡಿಯಿತೇ, ಹಕ್ಕಿಗಳು ತಂದ ಬೀಜದಿಂದ ತಾನಾಗಿ ಹುಟ್ಟಿದ ಗಿಡ ಎಷ್ಟು, ಮಣ್ಣಿನಲ್ಲಿ ಗೆದ್ದಲು, ಎರೆಹುಳು ಬಂದವೇ ಎಂಬುದು ಎಲ್ಲೂ ಇರುವುದಿಲ್ಲ. ಬೇಗ ಬೆಳೆಯುವ ಅಕೇಶಿಯಾ, ಗ್ಲಿರಿಸಿಡಿಯಾಗಳ ಹಸಿರು ನೋಡಿ ಕಾಡು ಬಂತೆಂದು ಬರೆಯಬೇಡಿ.

ನಾಲ್ಕನೆಯದು, ಕುಂಡದಿಂದ ಹೊರಬನ್ನಿ. ಗಿಡಗಳಿಂದ ಭಾರಲೋಹ ಹೀರಿಸುವ ಪ್ರಯೋಗಗಳು ಪ್ರಬಂಧಗಳಿಗೆ ಪ್ರಿಯ. ಆರ್ಸೆನಿಕ್ ಹೀರುವ ಜರೀಗಿಡವೊಂದನ್ನು ಫ್ಲೋರಿಡಾ ವಿಶ್ವವಿದ್ಯಾಲಯದ ಲೆನಾ ಮಾ ಮತ್ತು ಸಂಗಡಿಗರು 2001ರಲ್ಲಿ ಜಗತ್ತಿಗೆ ತೋರಿಸಿದ ಮೇಲಂತೂ ಆ ಉತ್ಸಾಹ ಹೆಚ್ಚಿದೆ. ಆದರೆ ತೇವ ಬಯಸುವ ಜರೀಗಿಡ ಸುರಪುರದ ಬಿಸಿಲಿಗೆ ಬದುಕುತ್ತದೆಯೇ? ಬದುಕಿದರೆ ವಿಷ ತುಂಬಿದ ಸೊಪ್ಪನ್ನು ಆಡು ತಿನ್ನದಂತೆ ಕಾಯುವವರಾರು, ಕಡಿದ ಮೇಲೆ ಹಾಕುವುದೆಲ್ಲಿ? ಇವಕ್ಕೆ ಉತ್ತರವಿಲ್ಲದ ಪ್ರಬಂಧ ಅರ್ಧ ಪ್ರಬಂಧ. ಕಿರದಳ್ಳಿ ತಾಂಡಾದಂಥ ಊರಿಗೆ ಮೊದಲು ಬೇಕಾದದ್ದು ಕುಡಿಯಲು ಬೇರೆ ನೀರು. ಆ ಬೇರೆ ನೀರು ನಿಜಕ್ಕೂ ಚೊಕ್ಕವೇ, ಬೇಸಿಗೆಯಲ್ಲೂ ಬರುತ್ತದೆಯೇ ಎಂದು ಪರೀಕ್ಷಿಸುವುದೂ ಸಂಶೋಧನೆಯೇ.

ಐದನೆಯದು, ಸೋತದ್ದನ್ನೂ ಬರೆಯಿರಿ. ಹುಲ್ಲು ಒಣಗಿತು, ಕಟ್ಟೆ ಒಡೆಯಿತು, ಸುಣ್ಣಕಲ್ಲಿನ ಮೇಲೆ ತುಕ್ಕು ಕಟ್ಟಿ ಕೆಲಸ ನಿಂತಿತು ಎಂದು ಬರೆದರೆ ಪದವಿ ತಪ್ಪುವುದಿಲ್ಲ. ಬರೆಯದಿದ್ದರೆ ಮುಂದಿನವರು ಸಾರ್ವಜನಿಕ ಹಣದಲ್ಲಿ ಅದೇ ಸೋಲನ್ನು ಮತ್ತೆ ಕೊಳ್ಳುತ್ತಾರೆ.

ಆರನೆಯದು, ಹಣದ ಮೂಲ. ಗಣಿ ಕಂಪನಿಯ ನೆಲಕ್ಕೆ ಅವರ ಒಪ್ಪಿಗೆಯಿಲ್ಲದೆ ಕಾಲಿಡಲಾಗದು. ಅವರ ಹಣ ತೆಗೆದುಕೊಳ್ಳುವುದೂ ಪಾಪವಲ್ಲ. ಆದರೆ ಫಲಿತಾಂಶ ಪ್ರಕಟಿಸುವ ಮುನ್ನ ಅವರ ಅನುಮತಿ ಬೇಕು ಎಂಬ ಕರಾರಿಗೆ ನೀವಾಗಲಿ, ನಿಮ್ಮ ವಿಶ್ವವಿದ್ಯಾಲಯವಾಗಲಿ ಸಹಿ ಹಾಕಬಾರದು. ಯಾರ ಹಣ ಎಂಬುದು ಪ್ರಬಂಧದ ಮೊದಲ ಪುಟದಲ್ಲೇ ಇರಲಿ.

ಕೊನೆಯದು, ಊರಿಗೆ ಉತ್ತರ ಕೊಡಿ. ರೈತರ ಹೊಲದಿಂದ ಮಣ್ಣು, ಅವರ ಬಾವಿಯಿಂದ ನೀರು, ಕೆಲವೊಮ್ಮೆ ಅವರ ಮಕ್ಕಳ ಕೂದಲನ್ನೂ ಒಯ್ಯುತ್ತೀರಿ. ಫಲಿತಾಂಶ ಇಂಗ್ಲಿಷಿನ ನಿಯತಕಾಲಿಕದಲ್ಲಿ ಬರುತ್ತದೆ, ಕೊಟ್ಟವರಿಗೆ ತಿಳಿಯುವುದಿಲ್ಲ. ಎರಡು ಪುಟದ ಕನ್ನಡ ವರದಿ ಬರೆದು ಗ್ರಾಮಸಭೆಯಲ್ಲಿ ಓದಿ. ಬಾವಿಯಲ್ಲಿ ವಿಷ ಸಿಕ್ಕರೆ ಪ್ರಬಂಧ ಅಚ್ಚಾಗುವವರೆಗೆ ಕಾಯಬೇಡಿ, ಆ ಮನೆಯವರಿಗೂ ಪಂಚಾಯಿತಿಗೂ ಅವತ್ತೇ ಹೇಳಿ.

ಕುಲಪತಿಗಳಿಗೆ, ನಿಗಮದವರಿಗೆ ಬರೆಯದೆ ನಿಮಗೇಕೆ ಬರೆದೆ ಎಂದು ನೀವು ಕೇಳಬಹುದು. ಅವರಿಗೆ ಹಣವಿದೆ, ಅಧಿಕಾರವಿದೆ. ಆದರೆ ಡಂಪಿನ ಇಳಿಜಾರು ಹತ್ತಿ ಸಸಿ ಎಣಿಸುವುದು, ಮಳೆಯಲ್ಲಿ ನಿಂತು ಹಳ್ಳದ ನೀರನ್ನು ಬಾಟಲಿಗೆ ತುಂಬಿಸುವುದು ಕೊನೆಗೂ ನಿಮ್ಮ ಕೈಗಳೇ. ಸಂಡೂರಿಗೆ, ಕೆಜಿಎಫ್‌ಗೆ, ಲಕ್ಯಾಕ್ಕೆ, ಕಿರದಳ್ಳಿಗೆ ಒಂದೊಂದು ವಿಶ್ವವಿದ್ಯಾಲಯ ‘ಇದು ನಮ್ಮ ಹೊಣೆ’ ಎಂದು ಮೂವತ್ತು ವರ್ಷಕ್ಕೆ ಹೆಸರು ಕೊಡಲಿ. ಪುನಶ್ಚೇತನದ ನಿಧಿಯ ಒಂದು ಸಣ್ಣ ಪಾಲು ಆ ಅಳತೆಗೆಂದೇ ಮೀಸಲಾಗಲಿ ಎಂದು ನೀವು ಒಟ್ಟಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ. ಆ ಅರ್ಜಿಗೆ ಬೇಕಾದ ಮೊದಲ ಪುರಾವೆಯನ್ನು, ಒಂದು ತಾಕಿನ ಒಂದು ವರ್ಷದ ಪ್ರಾಮಾಣಿಕ ಲೆಕ್ಕವನ್ನು, ಈ ಮಳೆಗಾಲದಲ್ಲೇ ಶುರುಮಾಡಿ.

ಇಂತಿ,
ನಿಮ್ಮ ಪ್ರಬಂಧಗಳ ಒಬ್ಬ ಓದುಗ